ಆನೆಗೊಂದು ಚಪ್ಪರ

ಯಲ್ಲಾಪುರ, ಏಪ್ರಿಲ್

ಅಕ್ಕಾ,

ಇಲ್ಲಿ ಹೊಸದಾಗಿ ತೆರೆದಿರುವ ಕಾಡಿನ ಥೀಮ್ ಪಾರ್ಕಿಗೆ ಬಂದಿದ್ದೇವೆ. ಮಲೆನಾಡಿನ ಮರದ ನೆರಳಿಗೆ ಹೋಗುವವರಿಗೆ ಬಿಸಿಲಿನ ಛತ್ರಿ ಯಾಕೆಂದು ಅದನ್ನು ಹಾವೇರಿಯಲ್ಲೇ ಬಿಟ್ಟು ಬಂದ ಜಾಣೆ ನಾನು. ಪಾರ್ಕಿನವರು ಕಾಡು ಕಡಿದು ಸಿಮೆಂಟಿನ ಮರ ನಿಲ್ಲಿಸಿದ್ದಾರೆ, ಅದಕ್ಕೆ ಎಲೆಯೇ ಇಲ್ಲ. ಹಕ್ಕಿಯ ಕೂಗು ಸ್ಪೀಕರಿನಿಂದ ಬರುತ್ತದೆ. ಯಂತ್ರದ ಆನೆಯ ಸವಾರಿಗೆ ಜನರೆಲ್ಲ ಸುಡುಬಿಸಿಲಲ್ಲಿ ಸಾಲು ನಿಂತಿದ್ದರೆ, ಆನೆ ಮಾತ್ರ ಚಪ್ಪರದ ಕೆಳಗೆ ಫ್ಯಾನಿನ ಗಾಳಿಯಲ್ಲಿದೆ.

“ಆನಿಗೆ ನೆರಳು ಐತಿ, ಮಂದಿಗಿಲ್ಲೇನ್ರಿ?” ಎಂದು ನಮ್ಮ ಮನೆಯವರು ಕಾವಲಿನವನನ್ನು ಕೇಳಿದರು.

“ಬಿಸಿಲಿಗೆ ಆನೆ ಮೋಟಾರು ಸುಟ್ಟೋಗ್ತದೆ, ರಿಪೇರಿ ಮಾಡ್ಸೂಕೆ ಖರ್ಚಲ್ವಾ?” ಎಂದ.

ಅಷ್ಟರಲ್ಲಿ ಇವರಿಗೇ ತಲೆ ಸುತ್ತಿತು. ಗಾಬರಿಯಾಗಬೇಡ, ಮಜ್ಜಿಗೆ ಕುಡಿದು ಸುಧಾರಿಸಿಕೊಂಡಿದ್ದಾರೆ. ಸವಾರಿಯೂ ಬೇಡ, ಏನೂ ಬೇಡ ಎಂದು ಹೊರಬಂದು, ರಸ್ತೆಯಾಚೆ ಉಳಿದಿದ್ದ ಹಲಸಿನ ಮರದ ಕೆಳಗೆ ಹೋದೆವು. ಅಲ್ಲೊಬ್ಬರು ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಪಾರ್ಕಿನ ಗೇಟಿನ ಬೋರ್ಡಿನಲ್ಲಿ ಕೈಮುಗಿದು ಸ್ವಾಗತಿಸುವ ಮಾಲೀಕರು ಅವರೇ.

“ಬನ್ನಿ, ಕೂತ್ಕಳಿ. ಒಳಗೆ ಕೂರೂಕೆ ಆಗೂದಿಲ್ಲ,” ಎಂದು ಸರಿದು ಜಾಗ ಕೊಟ್ಟರು.

ಊರಿನ ಬಸ್ಸು ಬಂತು, ಇಲ್ಲಿಗೆ ನಿಲ್ಲಿಸುತ್ತೇನೆ.

ನಿನ್ನ ತಂಗಿ,
ಗಂಗಾಂಬಿಕಾ