ಕ್ಲಾರಿಯ ಹಲಗೆಗಳು

ಡೆಲೊರೇನ್, ಟಾಸ್ಮೇನಿಯಾ

ಗೆಳೆಯ ಕ್ಲಾರಿ,

ಆಸ್ಪತ್ರೆಯ ಊಟ ಹಿಡಿಸಿತೇ? ನಾನು ಕಾಡಿಬೇಡಿ ಸೇರಿಸಿದ್ದ ನಮ್ಮ ಮರಗೆಲಸದ ಶೆಡ್ಡಿನ ಮುದುಕರೆಲ್ಲ ಪುಕ್ಕಟೆ ದುಡಿದು, ಬಡಮಕ್ಕಳ ಮಂಚಗಳನ್ನು ಮುಗಿಸಿದರು. ನೆಲದ ಮೇಲೆ ಮಲಗುತ್ತಿದ್ದ ಪುಟ್ಟ ಹುಡುಗಿಯೊಬ್ಬಳ ಮಂಚಕ್ಕೆ ಮಾತ್ರ ಮರ ಸಾಲಲಿಲ್ಲ. ನಿನ್ನ ಶವಪೆಟ್ಟಿಗೆಗೆಂದು ನೀನು ಶೆಡ್ಡಿನ ಅಟ್ಟದಲ್ಲಿ ಒಣಗಿಸಿಟ್ಟಿದ್ದ ಹಲಗೆಗಳನ್ನು ನಾನೇ ಇಳಿಸಿ ಕೊಯ್ದುಬಿಟ್ಟೆ.

“ಅವನನ್ನ ಒಂದ್ ಮಾತು ಕೇಳೋಕ್ಕೇನಾಗಿತ್ತೋ ನಿಂಗೆ?” ಎಂದು ಪಕ್ಕದಲ್ಲಿ ಉಳಿ ಹಿಡಿದಿದ್ದ ಬ್ರೂನೋ ಉಗಿದ. ಹಾಸಿಗೆ ಹಿಡಿದವನ ಬಳಿ ಆ ಮಾತೆತ್ತಲು ನನಗೆ ಬಾಯಿ ಬರಲಿಲ್ಲ.

ಹುಡುಗಿ ಮಂಚ ಸವರಿ, “ಇದು ಯಾರ್ದು?” ಅಂದಳು. “ನಿಂದೇ, ಪುಟ್ಟಿ” ಎಂದೆ. ನಿನ್ನ ಹೆಸರು ಹೇಳಲಾಗಲಿಲ್ಲ.

ಹೊಸ ಹಲಗೆ ತಂದು ಅಟ್ಟಕ್ಕೇರಿಸಿದ್ದೇನೆ. ಇನ್ನೂ ಹಸಿ, ಒಣಗಲು ಎರಡು ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೆ ದಯವಿಟ್ಟು ಅವಸರ ಮಾಡಬೇಡ.

ನಿನ್ನ
ಡೆಸ್