ಹತ್ತು ಕೂಡುವವರೆಗೆ

ಬೀದರ,
೨೧೭೩ನೇ ಇಸವಿ, ಹದಿಮೂರನೇ ತಿಂಗಳ ನಾಲ್ಕನೇ ದಿನ

ನನಗಿಂತ ಮೊದಲು ಬಾಳಿದ ಹಿರಿಯರಿಗೆ ಜಗದೇವಿಯ ಶರಣು.

ನನ್ನ ಅಕ್ಷರ ಚೆನ್ನಾಗಿಲ್ಲ, ಮನ್ನಿಸಬೇಕು. ನಾನು ಕಲಿತದ್ದು ನಾಲ್ಕನೇ ತರಗತಿಯವರೆಗೆ ಮಾತ್ರ. ಒತ್ತಕ್ಷರ ತಪ್ಪಿದ ಕಡೆ ನೀವೇ ತಿದ್ದಿ ಓದಿಕೊಳ್ಳಿ. ಮೇಲಿನ ತಾರೀಖು ನೋಡಿ ಇವಳಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ನಮ್ಮ ಕಾಲದಲ್ಲಿ ವರ್ಷವನ್ನು ಇಪ್ಪತ್ತೆಂಟು ದಿನಗಳ ಹದಿಮೂರು ತಿಂಗಳಾಗಿ ಕತ್ತರಿಸಿದ್ದಾರೆ. ಕೊನೆಯ ತಿಂಗಳಿಗೆ ಇನ್ನೂ ಯಾರೂ ಹೆಸರಿಟ್ಟಿಲ್ಲ. ನಾನು ಬಳಸುವ ಬೇರೆ ಕೆಲವು ಮಾತುಗಳೂ ನಿಮಗೆ ವಿಚಿತ್ರ ಅನ್ನಿಸಬಹುದು. ಬಂದಲ್ಲೇ ಬಿಡಿಸಿ ಹೇಳುತ್ತೇನೆ.

ಕಾಗದವನ್ನು ಹಿಂದಿನ ಕಾಲಕ್ಕೆ ಒಯ್ಯುವವರು ಯಾರಿದ್ದಾರೋ ನನಗೆ ಗೊತ್ತಿಲ್ಲ. ಆದರೂ ಬರೆಯುತ್ತಿದ್ದೇನೆ. ಎದುರಿಗೆ ನಿಂತು ಮಾತಾಡುವುದೆಂದರೆ ನನಗೆ ನಾಲಿಗೆ ಒಣಗುತ್ತದೆ. ಈ ವಿಷಯವನ್ನು ಹೇಳಬೇಕಾದವರ ಮುಂದೆ ಇವತ್ತಿಗೂ ಹೇಳಲು ಆಗಿಲ್ಲ. ನೀವು ದೂರದವರು, ನನ್ನ ಮುಖ ನೋಡುವುದಿಲ್ಲ. ಅದಕ್ಕೇ ಧೈರ್ಯ ಬಂತು.

ನಾನು ಹೊಲಿಗೆಯವಳು. ಹಳೆಯ ಬಟ್ಟೆ ಸೇರಿಸಿ ಕೌದಿ ಹೊಲಿಯುತ್ತೇನೆ, ಹರಿದದ್ದನ್ನು ತೇಪೆ ಹಾಕುತ್ತೇನೆ. ನನಗೊಂದು ನೆರಳಿದೆ, ಎಲ್ಲರಿಗೂ ಇದೆ. ನೆರಳು ಎಂದರೆ ಬಿಸಿಲಿನಲ್ಲಿ ಬೀಳುವುದಲ್ಲ. ಹುಟ್ಟಿದ ದಿನದಿಂದ ನಾವು, ಪ್ರಶ್ನೆಗೆ ಉತ್ತರ ಹೇಳುವ ಯಂತ್ರವನ್ನು ಏನೇನು ಕೇಳಿದೆವು, ಏನು ನೋಡಿದೆವು, ಯಾವ ಮಾತಿನ ಹತ್ತಿರ ಎಷ್ಟು ಹೊತ್ತು ನಿಂತೆವು ಎಂಬುದೆಲ್ಲ ಒಟ್ಟಾಗಿ ನಮ್ಮ ಹೆಸರಿನ ಹಿಂದೆ ಬರುತ್ತದೆ. ಅದೇ ನೆರಳು. ಬಾಡಿಗೆಗೆ ಮನೆ ಕೊಡುವವರು ಮೊದಲು ಅದನ್ನು ನೋಡುತ್ತಾರೆ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿನ್ನುವ ಮುಂಚೆ ಅದನ್ನು ನೋಡಿ ಮುಗಿಸಿರುತ್ತಾರೆ. ಓಣಿ ಓಣಿಗೂ ಕಣ್ಣಿರುವ ಒಂದು ಕಂಬವಿದೆ, ಗಂಬ ಎನ್ನುತ್ತೇವೆ. ಯಾರು ಯಾವ ಮನೆಗೆ ಎಷ್ಟು ಹೊತ್ತಿಗೆ ಹೋದರು ಎಂದು ಅದು ಬರೆದುಕೊಳ್ಳುತ್ತದೆ. ಕೈಚೀಲದಲ್ಲಿ ಏನಿದೆ ಎಂದು ಮಾತ್ರ ಅದಕ್ಕೆ ತಿಳಿಯುವುದಿಲ್ಲ.

ನಿಮ್ಮ ಕಾಲದಲ್ಲಿ ಹೀಗಿರಲಿಲ್ಲವಂತೆ. ನಿಮ್ಮ ಪರವಾಗಿ ಬೇರೊಂದು ಯಂತ್ರ ಹೋಗಿ ಕೇಳಿಕೊಂಡು ಬರುತ್ತಿತ್ತಂತೆ, ಅದಕ್ಕೆ ಪ್ರಾಕ್ಸಿ ಎನ್ನುತ್ತಿದ್ದರಂತೆ. ಅದಕ್ಕಿಂತ ಗಟ್ಟಿಯಾದ ಜಾಲವೂ ಇತ್ತಂತೆ. ಅದರಲ್ಲಿ ಮಾತಿನ ಮೇಲೆ ಉಳ್ಳಾಗಡ್ಡಿಯ ಹಾಗೆ ಪದರ ಪದರವಾಗಿ ಸುತ್ತಿ ಕಳಿಸಿದರೆ, ನಡುವಿನ ಒಂದೊಂದು ಯಂತ್ರ ಒಂದೊಂದೇ ಪದರ ಬಿಚ್ಚಿ ಮುಂದಕ್ಕೆ ದಾಟಿಸುತ್ತಿತ್ತು. ಕೇಳಿದವರು ಯಾರು, ಕೇಳಿದ್ದು ಏನು, ಎರಡನ್ನೂ ಒಟ್ಟಿಗೆ ತಿಳಿದವರು ಯಾರೂ ಇರುತ್ತಿರಲಿಲ್ಲ. ಇದನ್ನೆಲ್ಲ ನನಗೆ ಹೇಳಿದವರು ಝರೀನಾ ಆಪಾ, ನಮ್ಮ ಊರಿನ ಹಳೆಯ ನರ್ಸ್. ಅಂಥದ್ದು ಹೇಗೆ ಹೋಯಿತು ಎಂದು ಕೇಳಿದ್ದೆ. ಯಾರೂ ಬಡಿದು ಮುಚ್ಚಲಿಲ್ಲ ಎಂದರು.

"ಮಂದಿ ಬರೋದು ಕಮ್ಮಿ ಆಯ್ತು ಬೇಟಿ. ನಂದೇನದ ಮುಚ್ಚಿಡೋದು ಅಂತ ಒಬ್ಬೊಬ್ಬರೇ ಬಿಟ್ಟರು. ಕಡೀಕ್ ಉಳಿದವರು ಎಷ್ಟು? ಒಂದು ಮುಷ್ಟಿ. ಊರಾಗ ಇಬ್ಬರೇ ಬುರ್ಖಾ ಹಾಕಿದ್ರ ಯಾರ್ ಯಾರು ಅಂತ ಕೂಸಿಗೂ ತಿಳೀತದ."

ನಮ್ಮ ಕಾಲದಲ್ಲಿ ನಾವು ಅದನ್ನೇ ಕೈಯಿಂದ ಮಾಡುತ್ತೇವೆ. ಕೈಬದಲು ಎಂದು ಅದರ ಹೆಸರು. ಮೊದಲ ಕೈ ಹಿಟ್ಟಿನ ಗಿರಣಿಯ ಚಂದ್ರಕಲಾ ವೈನಿ. ತಮ್ಮ ಹೆಸರಿನಲ್ಲಿ ಕೇಳಲಾಗದ ಪ್ರಶ್ನೆ ಇದ್ದವರು ಅದನ್ನು ಚೀಟಿಯಲ್ಲಿ ಬರೆದು, ಲಕೋಟೆಗೆ ಅಂಟು ಹಚ್ಚಿ, ಜೋಳದ ಡಬ್ಬಿಯಲ್ಲಿಟ್ಟು ತರುತ್ತಾರೆ. ವೈನಿ ಅದರ ಮೇಲೆ ಒಂದು ನಂಬರು ಹಾಕುತ್ತಾಳೆ. ಅವಳು ಮುಖ ಬಲ್ಲಳು, ಪ್ರಶ್ನೆ ಅರಿಯಳು. ಎರಡನೇ ಕೈ ನಾನು. ಗಿರಣಿಯ ಹಳೆಯ ಚೀಲಗಳನ್ನು ತೇಪೆಗೆಂದು ತರುವಾಗ ಲಕೋಟೆಗಳನ್ನೂ ತರುತ್ತೇನೆ, ಇಸ್ಪೀಟಿನ ಹಾಗೆ ಕಲಸುತ್ತೇನೆ, ಹೊಲಿದ ಬಟ್ಟೆ ಕೊಡುವ ನೆಪದಲ್ಲಿ ಆಪಾಳ ಮನೆಗೆ ಮುಟ್ಟಿಸುತ್ತೇನೆ. ನನಗೆ ಮುಖವೂ ಗೊತ್ತಿಲ್ಲ, ಪ್ರಶ್ನೆಯೂ ಗೊತ್ತಿಲ್ಲ. ಮೂರನೇ ಕೈ ಆಪಾ. ಅವರು ಲಕೋಟೆ ಒಡೆದು, ಪ್ರಶ್ನೆಯನ್ನು ತಮ್ಮದೇ ಹೆಸರಿನಲ್ಲಿ ಯಂತ್ರಕ್ಕೆ ಕೇಳುತ್ತಾರೆ. ಉತ್ತರವನ್ನು ಅದೇ ನಂಬರಿನ ಲಕೋಟೆಯಲ್ಲಿ ಹಾಕುತ್ತಾರೆ. ಬಂದ ದಾರಿಯಲ್ಲೇ ಅದು ಗಿರಣಿಗೆ ಮರಳುತ್ತದೆ.

ಆಪಾಳ ನೆರಳನ್ನು ನೀವು ನೋಡಬೇಕಿತ್ತು. ಅವರಿಗೆ ಎಪ್ಪತ್ತೆರಡು ವರ್ಷ. ನೆರಳಿನ ಪ್ರಕಾರ ಅವರು ಕಳೆದ ವರ್ಷ ನಾಲ್ಕು ಸಲ ಬಸುರಿಯಾಗಿದ್ದಾರೆ, ಕುಡಿತ ಬಿಡಲು ಒದ್ದಾಡುತ್ತಿದ್ದಾರೆ, ಗಂಡನನ್ನು ಬಿಟ್ಟು ಓಡಿಹೋಗಲು ಮೂರು ಊರು ಹುಡುಕಿದ್ದಾರೆ. "ಗಂಡ ಸತ್ತು ಇಪ್ಪತ್ತು ವರ್ಷ ಆಯ್ತು, ಇನ್ನಾ ಓಡ್ಲತೀನಿ ನೋಡು," ಎಂದು ಅವರು ಹಲ್ಲಿಲ್ಲದ ಬಾಯಿ ತೆರೆದು ನಗುತ್ತಾರೆ.

ಕೈಬದಲಿಗೆ ಒಂದೇ ಕಟ್ಟಳೆ. ಹತ್ತು ಲಕೋಟೆ ಕೂಡದೆ ನನ್ನ ಮನೆಯಿಂದ ಒಂದೂ ಕದಲಬಾರದು. ಗಂಬ ಎಲ್ಲವನ್ನೂ ನೋಡುತ್ತಿರುತ್ತದಲ್ಲ. ಹತ್ತು ಮಂದಿ ಗಿರಣಿಗೆ ಬಂದು, ಹತ್ತು ಪ್ರಶ್ನೆ ಆಪಾಳ ಯಂತ್ರದಿಂದ ಹೋದರೆ, ಯಾರದು ಯಾವುದು ಎಂದು ಹೊಂದಿಸಲು ಬರುವುದಿಲ್ಲ. ಹತ್ತು ಆಗದಿದ್ದರೆ ಜೊಳ್ಳು ತುಂಬುತ್ತೇವೆ. ಜೊಳ್ಳು ಎಂದರೆ, ಮುಚ್ಚಿಡುವುದು ಏನೂ ಇಲ್ಲದವರು ಬರೆದು ಕೊಡುವ ಪ್ರಶ್ನೆ. ಸಕ್ಕರೆ ಡಬ್ಬಿಗೆ ಇರುವೆ ಬಂದರೆ ಏನು ಮಾಡಬೇಕು, ಪುಂಡಿಪಲ್ಯಕ್ಕೆ ಯಾವ ಬೇಳೆ ಚೆನ್ನ, ಇಂಥವು. ಮೊದಲು ಓಣಿಯ ಹೆಂಗಸರೆಲ್ಲ ವಾರಕ್ಕೊಂದು ಜೊಳ್ಳು ಬರೆಯುತ್ತಿದ್ದರು. ಬರುಬರುತ್ತ ಬೇಸತ್ತರು. "ಇರವಿ ಓಡಸ್ಲಿಕ್ಕ ನಂಗ ಬರ್ತದಲ್ಲ, ಅದ್ಯಾಕ ಬರೀಬೇಕು?" ಎಂದರು. ನಾನು ಮನೆ ಮನೆಗೆ ಹೋಗಿ ಬೇಡಬೇಕಿತ್ತು. ನಾಚಿಕೆಯಾಗಿ ಹೋಗಲಿಲ್ಲ. ನಾನೊಬ್ಬಳೇ ಹತ್ತೂ ಬರೆದರೆ ಆಗುವುದಿಲ್ಲ. ಗಿರಣಿಗೆ ಹತ್ತು ಮಂದಿ ಬಂದು ಹೋದದ್ದು ಗಂಬಕ್ಕೆ ಕಾಣಬೇಕು.

ನಾನು ಹೇಳಬೇಕೆಂದಿರುವುದು ಏಳನೇ ತಿಂಗಳಲ್ಲಿ ನಡೆಯಿತು. ಗಿರಣಿಗೆ ಹೋದಾಗ ಒಂದೇ ಲಕೋಟೆ ಇತ್ತು. ಬೆಲ್ಟು ಹರಿದು ಗಿರಣಿ ಎರಡು ದಿನ ನಿಂತಿದ್ದರಿಂದ ಬೇರೆ ಯಾರೂ ಬಂದಿರಲಿಲ್ಲ. ವೈನಿ ಎಂದೂ ಏನೂ ಹೇಳದವಳು, ಅವತ್ತು ಲಕೋಟೆಯನ್ನು ನನ್ನ ಕೈಯಲ್ಲಿಟ್ಟು ಬಿಡಲೇ ಇಲ್ಲ.

"ಜಗೂ, ಇದು ಜಲ್ದಿದು ಅದ. ಕೊಟ್ಟಾಕಿ ಅಳ್ಲತ್ತಿದ್ಳು."

"ಹತ್ತು ಆಗಬೇಕಲ್ಲ ವೈನಿ," ಎಂದೆ.

"ಹತ್ತು ಆಗೋದ್ರಾಗ ಏನರೆ ಹೆಚ್ಚುಕಮ್ಮಿ ಆದ್ರ? ನೀ ನೋಡಿಲ್ಲ ಆಕಿ ಮಾರಿ. ನಾ ನೋಡೀನಿ."

ಮನೆಗೆ ತಂದು ಕೌದಿಯ ಕೆಳಗಿಟ್ಟು ಎರಡು ದಿನ ಕಾದೆ. ಮತ್ತೊಂದು ಬರಲಿಲ್ಲ. ಸೂಜಿ ಹಿಡಿದರೂ ಅದೇ ಧ್ಯಾನ. ಯಾರೋ ಅಳುತ್ತಿದ್ದಾರೆ, ನಾನು ಅವರ ಅಳುವಿನ ಮೇಲೆ ಕೂತಿದ್ದೇನೆ ಅನ್ನಿಸುತ್ತಿತ್ತು. ಮೂರನೆಯ ದಿನ ಬೆಳಿಗ್ಗೆ ಆ ಒಂದೇ ಲಕೋಟೆಯನ್ನು ಒಯ್ದು ಆಪಾಳಿಗೆ ಕೊಟ್ಟೆ. "ಉಳಿದವು ಎಲ್ಲಿ?" ಎಂದು ಅವರು ಕೇಳಿದರು. ಹಿಂದಿನಿಂದ ತರುತ್ತೇನೆ ಎಂದು ಸುಳ್ಳು ಹೇಳಿದೆ. ಅವರು ಒಡೆದು ಓದಿದರು, ಮುಖ ಚಿಕ್ಕದಾಯಿತು, ಕೂಡಲೇ ಯಂತ್ರದ ಮುಂದೆ ಕೂತರು. ಉತ್ತರವನ್ನು ಅದೇ ಮಧ್ಯಾಹ್ನ ಗಿರಣಿಗೆ ಮುಟ್ಟಿಸಿದೆ. ಮನೆಗೆ ಬರುವಾಗ ನನ್ನ ಬಗ್ಗೆ ನನಗೇ ಸ್ವಲ್ಪ ಹೆಮ್ಮೆಯಾಗಿತ್ತು. ಇದನ್ನೂ ಮುಚ್ಚದೆ ಬರೆಯುತ್ತಿದ್ದೇನೆ.

ಲಕೋಟೆ ಬರೆದವಳು ಮೈನಾಬಾಯಿ. ಮಗಳು ಅಳಿಯ ಇಬ್ಬರೂ ತೀರಿಕೊಂಡ ಮೇಲೆ ಐದು ವರ್ಷದ ಮೊಮ್ಮಗಳು ಪಾರಿಜಾತಳನ್ನು ಒಬ್ಬಳೇ ಸಾಕುತ್ತಿದ್ದಳು. ಮೈನಾಬಾಯಿಗೆ ಎರಡು ಸಲ ಮೂರ್ಛೆ ಬಂದಿತ್ತು. ಯಾವ ಗುಳಿಗೆ ತೆಗೆದುಕೊಳ್ಳಬೇಕು, ಮತ್ತೆ ಬಂದರೆ ಕೂಸು ಏನು ಮಾಡಬೇಕು, ಒಲೆ ಉರಿಯುತ್ತಿದ್ದರೆ ಏನು ಗತಿ, ಇಷ್ಟೇ ಅವಳು ಕೇಳಿದ್ದು. ತನ್ನ ಹೆಸರಿನಲ್ಲಿ ಕೇಳಿದರೆ ನೆರಳಿಗೆ ಮೂರ್ಛೆ ಹತ್ತುತ್ತದೆ. ಒಂಟಿಯಾಗಿ ಮಕ್ಕಳನ್ನು ಸಾಕುವವರ ನೆರಳಿನಲ್ಲಿ ಮೂರ್ಛೆ ಕಂಡರೆ ಪಾಲನಾ ಕಚೇರಿಯವರು ಮಕ್ಕಳನ್ನು ಒಯ್ಯುತ್ತಾರೆ. ಅದು ನಮ್ಮ ಕಾಲದ ಕಾನೂನು.

ಗಂಬಕ್ಕೆ ಏನೂ ಕಷ್ಟವಾಗಲಿಲ್ಲ. ನಿಂತ ಗಿರಣಿಗೆ ಒಬ್ಬಳೇ ಹೆಂಗಸು ಬಂದಳು. ನಾನು ಗಿರಣಿಯಿಂದ ಮನೆಗೆ, ಮನೆಯಿಂದ ಆಪಾಳಲ್ಲಿಗೆ ನಡೆದೆ. ಆಪಾ ಒಂದೇ ಪ್ರಶ್ನೆ ಕೇಳಿದರು. ನಾನು ಗಿರಣಿಗೆ ಮರಳಿದೆ, ಅದೇ ಹೆಂಗಸು ಮತ್ತೆ ಬಂದಳು. ಪಾಲನಾ ಕಚೇರಿಯವರು ಅಂಗಳದ ಚುಕ್ಕಿಗಳನ್ನು ಗೆರೆ ಎಳೆದು ಕೂಡಿಸಿದ ಹಾಗೆ ಇದನ್ನೆಲ್ಲ ಕೂಡಿಸಿದರು. ಆಪಾಳನ್ನು ಕರೆದು ಕೇಳಿದರಂತೆ. ಮೂರ್ಛೆ ನನಗೇ ಬರುತ್ತದೆ ಎಂದು ಆಪಾ ಸಾಧಿಸಿದರಂತೆ. "ನಿಮ್ಮನಿಯಾಗ ಐದು ವರ್ಷದ ಕೂಸೂ ಅದ ಏನ್ರಿ?" ಎಂದು ಕಚೇರಿಯವರು ನಕ್ಕರಂತೆ. ಉತ್ತರ ಮುಟ್ಟಿದ ಆರನೇ ದಿನ ಪಾರಿಜಾತಳನ್ನು ಒಯ್ದರು.

ಇದು ನನಗೆ ತಿಳಿದದ್ದು ಗಿರಣಿಯ ಸಾಲಿನಲ್ಲಿ. ಮೈನಾಬಾಯಿ ಡಬ್ಬಿ ಹಿಡಿದು ನಿಂತು, ಮುಚ್ಚಿಡುವುದಕ್ಕೆ ಇನ್ನೇನೂ ಉಳಿದಿಲ್ಲವೆಂಬಂತೆ ಎಲ್ಲರೆದುರು ಹೇಳಿಕೊಂಡಳು. ಆ ಗುಳಿಗೆ ತೆಗೆದುಕೊಂಡ ಮೇಲೆ ಮೂರ್ಛೆ ಬಂದಿಲ್ಲವಂತೆ. "ಬರೇ ಮೂರ್ ದಿನದಾಗ ಉತ್ತರ ಬಂತ್ರಿ. ಯಾರ್ ಕೈಲೆ ಬಂತೋ, ಆ ಪುಣ್ಯಾತ್ಮರು ತಣ್ಣಗಿರಲಿ," ಎಂದಳು. ನಾನು ಅವಳ ಹಿಂದೆ ಎರಡನೆಯವಳಾಗಿ ನಿಂತಿದ್ದೆ. ವೈನಿ ನನ್ನ ಕಡೆ ನೋಡಲಿಲ್ಲ, ನಾನೂ ಅವಳ ಕಡೆ ನೋಡಲಿಲ್ಲ. ಮೈನಾಬಾಯಿ ಶಾಪ ಹಾಕಿದ್ದರೆ ತಡೆದುಕೊಳ್ಳುತ್ತಿದ್ದೆ.

ಆಪಾಳ ಮುಂದೆ ಹೋಗಿ ಅತ್ತೆ. ಅವರು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ.

"ನೀ ಕಾದಿದ್ರ ಆಕಿ ಒಲಿ ಮ್ಯಾಲೆ ಬೀಳ್ತಿದ್ಳೋ ಏನೋ. ಕಾಯ್ಲಿಲ್ಲ, ಕೂಸು ಹೋಯ್ತು. ತಪ್ಪು ಆವತ್ತಿಂದಲ್ಲ ಬೇಟಿ. ಆವತ್ತು ಉಳಿದ ಒಂಬತ್ತು ಎಲ್ಲಿದ್ದವು? ಅದು ಕೇಳು."

ಅದನ್ನೇ ನಾನು ನಿಮ್ಮನ್ನು ಕೇಳಲು ಈ ಕಾಗದ ಬರೆಯುತ್ತಿದ್ದೇನೆ. ನೀವು ಕೆಟ್ಟವರಲ್ಲ, ನಮ್ಮ ಓಣಿಯ ಹೆಂಗಸರೂ ಕೆಟ್ಟವರಲ್ಲ. ನಿಮಗೆ ಮುಚ್ಚಿಡುವುದು ಏನೂ ಇಲ್ಲ ಎಂಬುದು ನಿಜವೇ ಇರಬಹುದು. ಆದರೆ ನಿಮ್ಮ ಊರಿನಲ್ಲೂ ಒಬ್ಬ ಮೈನಾಬಾಯಿ ಇದ್ದೇ ಇರುತ್ತಾಳೆ. ನಿಮ್ಮ ಗುಂಪಿನ ನಡುವೆ ನಡೆದರೆ ಮಾತ್ರ ಅವಳು ಕಾಣುವುದಿಲ್ಲ. ಆದ್ದರಿಂದ ಪದರ ಸುತ್ತಿ ಕಳಿಸುವ ಆ ಹಳೆಯ ದಾರಿಗಳು ಇನ್ನೂ ತೆರೆದಿರುವಾಗ ಸುಮ್ಮನೆ ಅವುಗಳಲ್ಲಿ ಓಡಾಡಿ. ಸಾರಿಗೆ ಹುಣಸೆ ಎಷ್ಟು ಎಂದು ಕೇಳಲಿಕ್ಕಾದರೂ ಹೋಗಿ. ಅಲ್ಲಿ ಹೋದಾಗ ನಿಮ್ಮ ಹೆಸರನ್ನು ನೀವೇ ಬರೆದು ಬರಬೇಡಿ; ಮುಖ ಮುಚ್ಚಿಕೊಂಡು ಹೆಸರು ಕೂಗಿದವರು ನಿಮ್ಮಲ್ಲಿ ಬಹಳ ಜನ ಇದ್ದರೆಂದು ಆಪಾ ಹೇಳುತ್ತಾರೆ. ದಾರಿ ನಿಧಾನ ಎಂದು ಬೇಸರ ಪಡಬೇಡಿ. ಅದು ನಿಧಾನವಾಗಿರುವುದು ಬೇರೆಯವರಿಗಾಗಿ ಕಾಯುತ್ತಿರುವುದರಿಂದ.

ನೀವು ಹೀಗೆ ಮಾಡಿದರೆ ನಮ್ಮ ಕಾಲ ಬದಲಾಗುತ್ತದೋ ಇಲ್ಲವೋ ನನಗೆ ತಿಳಿಯದು. ಕೈಬದಲು ಸದ್ಯಕ್ಕೆ ನಿಂತಿದೆ. ಆಪಾಳ ಮನೆಯ ಬಾಗಿಲಿಗೇ ಒಂದು ಗಂಬ ನೆಟ್ಟಿದ್ದಾರೆ.

ಇವತ್ತು ಬೆಳಿಗ್ಗೆ ಮೈನಾಬಾಯಿ ನನ್ನಲ್ಲಿಗೆ ಬಂದಳು, ಆ ಲಕೋಟೆ ಒಯ್ದವಳು ನಾನೇ ಎಂದು ತಿಳಿಯದೆ. ಆರು ತಿಂಗಳ ಮೇಲೆ ಪಾರಿಜಾತಳನ್ನು ನೋಡಲು ನಾಳೆ ಬಿಡುತ್ತಾರಂತೆ. ಒಂದು ಹಳದಿ ಫ್ರಾಕು ತಂದಿದ್ದಳು. ಎಷ್ಟು ಇಳಿಸಬೇಕು ಎಂದು ಕೇಳಿದೆ. ಅವಳು ತನ್ನ ಸೊಂಟದ ಹತ್ತಿರ ಕೈ ಇಟ್ಟಳು, ತುಸು ಮೇಲಕ್ಕೆ ಎತ್ತಿದಳು, ಮತ್ತೆ ಕೆಳಗಿಳಿಸಿದಳು. "ಎಷ್ಟು ಬೆಳದದೋ ಏನೋ ಪೋರಿ, ನೀನೇ ಅಂದಾಜ್ ಮಾಡವ್ವ," ಎಂದಳು. ಹೇಳಬೇಕೆಂದು ಬಾಯಿ ತೆರೆದೆ, ಆಗಲಿಲ್ಲ. ಅಂಚು ಬಿಚ್ಚಿ, ಎರಡು ಬೆರಳು ಇಳಿಸಿ, ಹೊಲಿದು ಕೊಟ್ಟೆ.