ನೀವು ಕೂತಿರುವ ಕುರ್ಚಿಯೇ ನನ್ನ ಅನುಭವ ಪತ್ರ

ರಾಜ್ಯ ಸರ್ಕಾರಕ್ಕೆ ಬೇಕಾದ ಸಾಮಾನು ಸರಂಜಾಮನ್ನೆಲ್ಲ ಕೊಳ್ಳುವ ಕಚೇರಿಯ ಮುಖ್ಯಾಧಿಕಾರಿಗಳೇ,

ಮಾನ್ಯರೇ, ನೀವು ಕೂತಿರುವ ಕುರ್ಚಿ ನನ್ನದು. ಅಧಿಕಾರದ ಕುರ್ಚಿಯ ಮಾತಲ್ಲ, ಅದರ ಗೊಡವೆ ನನಗೆ ಬೇಡ. ನಾನು ಹೇಳುತ್ತಿರುವುದು ಬೆತ್ತದ ಹೆಣಿಗೆಯ, ನಾಲ್ಕು ಕಾಲಿನ ಮರದ ಕುರ್ಚಿಯ ವಿಷಯ. ಅದನ್ನು ಮಾಡಿದ ನನಗೆ ಸರ್ಕಾರಕ್ಕೆ ಕುರ್ಚಿ ಮಾರುವ ಅರ್ಹತೆ ಇಲ್ಲವೆಂದು ನಿಮ್ಮ ಕಚೇರಿ ಎರಡನೇ ಸಲ ತಿಳಿಸಿದೆ. ಕಾರಣ, ಹಿಂದೆ ಸರ್ಕಾರಕ್ಕೆ ಸರಬರಾಜು ಮಾಡಿದ ಅನುಭವ ನನಗಿಲ್ಲವಂತೆ.

ಸಣ್ಣ ಉದ್ದಿಮೆದಾರರ ಸಭೆಯಲ್ಲಿ ನೀವೇ ಮೈಕು ಹಿಡಿದು, ‘ಸರ್ಕಾರದ ಬಾಗಿಲು ನಿಮಗೆಲ್ಲ ತೆರೆದಿದೆ, ಬನ್ನಿ’ ಎಂದಿರಿ. ನಂಬಿ ಬಂದೆ. ನಮ್ಮ ಕಾರ್ಖಾನೆಯಲ್ಲಿ ಮರಗೆಲಸ ನನ್ನದು, ಹೆಣಿಗೆ ನನ್ನ ಅತ್ತಿಗೆಯದು. ನೋಂದಣಿ ಮಾಡಿಸಿದೆ, ಟೆಂಡರು ಹಾಕಿದೆ, ನೀವು ಕೇಳಿದಂತೆ ಮಾದರಿಗೆಂದು ಒಂದು ಕುರ್ಚಿ ತಂದೊಪ್ಪಿಸಿದೆ. ಅದರ ಕೊನೆಯ ಎಳೆಗೆ ಬೆತ್ತ ಸಾಲದೆ, ಅತ್ತಿಗೆ ಸೀಟಿನ ಅಡಿಯಲ್ಲಿ ಹಸಿರು ಪ್ಲಾಸ್ಟಿಕ್ ಪಟ್ಟಿ ಸುತ್ತಿ ಗಂಟು ಹಾಕಿದ್ದರು. “ಅಲ್ಲಿ ಯಾರು ಬಗ್ಗಿ ನೋಡ್ತಾರೆ, ಬಿಡೇ” ಎಂದಿದ್ದರು.

ಮೊದಲ ಸಲ ತಿರಸ್ಕಾರವಾದಾಗ ನಿಮ್ಮ ಗುಮಾಸ್ತರನ್ನು ಕಂಡೆ.

“ಅನುಭವ ಪತ್ರ ಎಲ್ಲಮ್ಮಾ?”

“ಸರ್ಕಾರಕ್ಕೆ ಮಾರೋಕೆ ಇದೇ ಮೊದಲ ಸಲ ಬಂದಿರೋದು ಸಾರ್.”

“ಹಾಗಾದ್ರೆ ಮೊದ್ಲು ಸರ್ಕಾರಕ್ಕೆ ಒಂದು ಸಲ ಮಾರಿ, ಆಮೇಲೆ ಬನ್ನಿ.”

“ಅದಕ್ಕೇ ತಾನೇ ಬಂದಿರೋದು?”

“ಅನುಭವ ಇಲ್ದೆ ಹೇಗಮ್ಮಾ ಮಾರ್ತೀರಾ?”

ಈ ಗಾಣಕ್ಕೆ ಕೊನೆ ಎಲ್ಲಿ ಮಾನ್ಯರೇ? ಸರ್ಕಾರಕ್ಕೆ ಮೊಟ್ಟಮೊದಲ ಕುರ್ಚಿ ಮಾರಿದ ಪುಣ್ಯಾತ್ಮ ಯಾರು? ಅವನ ಅನುಭವ ಪತ್ರಕ್ಕೆ ಸಹಿ ಹಾಕಿದವರು ಏನು ನಿಂತುಕೊಂಡೇ ಹಾಕಿದರೇ?

ಎರಡನೇ ತಿರಸ್ಕಾರದ ನಂತರ ನನ್ನ ಮಾದರಿಯನ್ನಾದರೂ ಒಯ್ಯೋಣವೆಂದು ಬಂದೆ. ಉಗ್ರಾಣದಲ್ಲಿ ಇರಲಿಲ್ಲ. ಒಳಗೆ ಬಳಕೆಯಲ್ಲಿದೆ ಎಂದರು. ನಿಮ್ಮ ಕೋಣೆಗೆ ಬಂದು ಮೇಜಿನ ಪಕ್ಕ ಬಗ್ಗಿ ನೋಡಿದೆ. ಹಸಿರು ಪಟ್ಟಿ! “ಏನಮ್ಮಾ ಹುಡುಕ್ತಿದೀರಾ?” ಎಂದಿರಿ. “ಪೆನ್ನು ಬಿತ್ತು ಸಾರ್” ಎಂದುಬಿಟ್ಟೆ. ನನ್ನ ಕುರ್ಚಿಯ ಮುಂದೆ ನಾನೇ ಕಳ್ಳಿಯ ಹಾಗೆ ನಿಂತೆ.

ಹೊರಗೆ ಜವಾನರು ನಕ್ಕರು. “ಸಾಹೇಬ್ರಿಗೆ ಸೊಂಟ ನೋವು ಅಕ್ಕಾ. ಟೆಂಡರಲ್ಲಿ ಬಂದ ಕುರ್ಚಿ ಒಂದೂ ಆಗಿಬರ್ಲಿಲ್ಲ. ವರ್ಷದಿಂದ ಇದ್ರ ಮೇಲೇ ಕೂರ್ತಾರೆ, ಬೇರೆ ಯಾರೂ ಮುಟ್ಟೋ ಹಾಗಿಲ್ಲ. ರಜೆ ಹಾಕಿದ್ರೆ ಕೋಣೆಗೆ ಬೀಗ!”

ಸುಳ್ಳೇಕೆ ಹೇಳಲಿ, ಒಂದು ಕ್ಷಣ ಹೆಮ್ಮೆಯಾಯಿತು. ಬಸ್ಸು ಹತ್ತುವಷ್ಟರಲ್ಲಿ ಮೈಯೆಲ್ಲ ಉರಿಯಿತು. ಅತ್ತಿಗೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಬೆತ್ತ ಕೆಳಗಿಟ್ಟು ಹೇಳಿದರು: “ವಾಪಸ್ ಕೇಳ್ಬೇಡ. ಅವ್ರು ಸರ್ಕಾರ ತಾನೇ? ವರ್ಷದಿಂದ ಕೂತಿದ್ದಾರೆ ತಾನೇ? ಇನ್ನೆಂಥ ಅನುಭವ ಬೇಕಂತೆ?”

ಶಾಲೆಗಳ ಕುರ್ಚಿಯ ಟೆಂಡರು ಮುಂದಿನ ವಾರ ಮುಗಿಯುತ್ತದೆ. ಅಂಗಡಿಯವರು ಈಗ ಅಚ್ಚಿನ ಪ್ಲಾಸ್ಟಿಕ್ ಕುರ್ಚಿ ಬಿಟ್ಟು ಬೇರೇನೂ ಕೊಳ್ಳುತ್ತಿಲ್ಲ. ಇದೂ ಕೈತಪ್ಪಿದರೆ ನಾನು ಕಾರ್ಖಾನೆಗೆ ಬೀಗ ಹಾಕಬೇಕು, ಅತ್ತಿಗೆ ಅದೇ ಪ್ಲಾಸ್ಟಿಕ್ ಕಂಪನಿಯ ಗೇಟಿನಲ್ಲಿ ಕೆಲಸ ಕೇಳಿಕೊಂಡು ನಿಲ್ಲಬೇಕು. ನಾನು ದಯೆ ಬೇಡುತ್ತಿಲ್ಲ. ನನ್ನ ಕುರ್ಚಿ ಬೇರೆಯವರ ಕುರ್ಚಿಯ ಪಕ್ಕ ನಿಲ್ಲಲಿ, ಸೋತರೆ ಸೋಲಲಿ. ನಿಲ್ಲುವುದಕ್ಕೇ ಬಿಡದೆ ಸೋಲಿಸುವುದು ಯಾವ ನ್ಯಾಯ?

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಈ ಕಾರ್ಖಾನೆ ಸರ್ಕಾರಕ್ಕೆ ಕುರ್ಚಿ ಒದಗಿಸಿದೆ, ಸರ್ಕಾರ ಅದನ್ನು ದಿನವೂ ಬಳಸುತ್ತಿದೆ, ದೂರಿಲ್ಲ ಎಂದು ನಿಮ್ಮ ಕಚೇರಿಯ ಮೊಹರಿನೊಂದಿಗೆ ಬರೆದುಕೊಡಿ. ಬರೆಯಲು ಆಗದಿದ್ದರೆ ಎದ್ದು ನಿಲ್ಲಿ, ಕುರ್ಚಿ ಕಳಿಸಿಕೊಡಿ, ಅನುಭವಸ್ಥರು ಮಾಡಿದ್ದರ ಮೇಲೆ ಕೂತುಕೊಳ್ಳಿ. ಇವೆರಡರ ನಡುವೆ ಮೂರನೆಯ ದಾರಿ ನಾನು ಬಿಡುವುದಿಲ್ಲ. ಮತ್ತೆ ಬರುತ್ತೇನೆ, ಈ ಸಲ ಪೆನ್ನು ಬೀಳುವುದಿಲ್ಲ.

ಇನ್ನೊಂದು ಮಾತು. ಬೆತ್ತದ ಹೆಣಿಗೆ ಕೆಲವು ವರ್ಷಕ್ಕೆ ಸಡಿಲವಾಗುತ್ತದೆ. ಆಗ ದಯವಿಟ್ಟು ನಮ್ಮ ಅತ್ತಿಗೆಗೆ ಹೇಳಿ ಕಳಿಸಬೇಡಿ. ಅವರಿಗೂ ಅನುಭವವಿಲ್ಲ.

ಇಂತಿ,
ದಿನವೂ ಸರ್ಕಾರದ ಭಾರ ಹೊರುತ್ತಿರುವ,
ಅನುಭವವಿಲ್ಲದ ಕುರ್ಚಿಯವಳು